ಹೊರದೇಶದ ಸೈನ್ಯ ಸೇರಬೇಕೆ? ಸಹಿ ಹಾಕುವ ಮುಂಚೆ ನೋಡಬೇಕಾದ್ದು

2023ರ ಕೊನೆಯಲ್ಲಿ ಕಲಬುರಗಿ ಕಡೆಯ ಕೆಲವು ಹುಡುಗರು ಸೆಕ್ಯುರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದರು. ಅಲ್ಲಿ ಅವರ ಕೈಗೆ ಬಂದದ್ದು ರಷ್ಯನ್ ಭಾಷೆಯ ಕರಾರು. ಸಹಿ ಬಿದ್ದ ಮೇಲೆ ಅಲ್ಪಸ್ವಲ್ಪ ತರಬೇತಿ, ಅಲ್ಲಿಂದ ನೇರ ಯುದ್ಧದ ಗಡಿ. ಅವರು ಊರಿನ ಮುಖ ನೋಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ರಷ್ಯಾ ಸೈನ್ಯದಲ್ಲಿ ಸಿಕ್ಕಿಕೊಂಡ ಭಾರತೀಯರ 126 ಪ್ರಕರಣಗಳು ತಿಳಿದಿವೆ, ಅವರಲ್ಲಿ 12 ಮಂದಿ ಸತ್ತಿದ್ದಾರೆ, 16 ಮಂದಿಯ ಸುಳಿವಿಲ್ಲ ಎಂದು ವಿದೇಶಾಂಗ ಇಲಾಖೆ 2025ರ ಜನವರಿಯಲ್ಲಿ ಹೇಳಿತು.

ಹೊರದೇಶದ ಸೈನ್ಯ ಸೇರುವುದೆಲ್ಲ ಮೋಸವೇ ಎಂದು ಇದರ ಅರ್ಥವಲ್ಲ. ಭಾರತೀಯರನ್ನು ಕಾನೂನುಬದ್ಧವಾಗಿ ಸೇರಿಸಿಕೊಳ್ಳುವ ಸೈನ್ಯಗಳೂ ಇವೆ. ಆದರೆ ಇಪ್ಪತ್ತರ ವಯಸ್ಸಿನ ಹುಡುಗರು ಕೇಳಿಕೊಳ್ಳುವುದು ‘ನನಗೆ ಧೈರ್ಯ ಇದೆಯಾ’ ಎಂಬ ಒಂದೇ ಪ್ರಶ್ನೆ. ಧೈರ್ಯ ಸಾಕಷ್ಟಿರುತ್ತದೆ. ಯಾರ ಕಾಗದಕ್ಕೆ ಸಹಿ ಹಾಕುತ್ತಿದ್ದೇನೆ, ಕೆಲಸ ಮುಗಿದ ಮೇಲೆ ಯಾವ ಹಕ್ಕಿನ ಮೇಲೆ ಊರಿಗೆ ಬರುತ್ತೇನೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ನಿಜವಾಗಿ ತೆರೆದಿರುವ ಬಾಗಿಲುಗಳು

ಅಮೆರಿಕದ ಸೈನ್ಯಕ್ಕೆ ಗ್ರೀನ್ ಕಾರ್ಡ್ ಇಲ್ಲದೆ ಸೇರಲು ಆಗುವುದಿಲ್ಲ. ಸ್ಟೂಡೆಂಟ್ ವೀಸಾ ಅಥವಾ ಎಚ್-1ಬಿ ಇದ್ದವರಿಗೆ ಹಿಂದೆ ಇದ್ದ ವಿಶೇಷ ಯೋಜನೆ 2016ರಲ್ಲೇ ನಿಂತಿದೆ. ‘ಸೈನ್ಯ ಸೇರಿದರೆ ಗ್ರೀನ್ ಕಾರ್ಡ್ ಸಿಗುತ್ತೆ’ ಎಂದು ಹೇಳುವವರು ವಿಷಯವನ್ನು ತಲೆಕೆಳಗು ಮಾಡುತ್ತಿದ್ದಾರೆ. ಬ್ರಿಟನ್ನಿನ ಗೂರ್ಖಾ ಪಡೆ ನೇಪಾಳದ ಪ್ರಜೆಗಳಿಗೆ ಮಾತ್ರ. ಬ್ರಿಟಿಷ್ ಸೈನ್ಯದ ಉಳಿದ ಪಡೆಗಳಿಗೆ ಕಾಮನ್‌ವೆಲ್ತ್ ಪ್ರಜೆಗಳಾಗಿ ಭಾರತೀಯರೂ ಅರ್ಜಿ ಹಾಕಬಹುದು. ಸೀಟುಗಳಿಗೆ ಮಿತಿ ಇದೆ, ಅರ್ಜಿ ಆಗಾಗ ಮುಚ್ಚಿರುತ್ತದೆ. ಸೈನ್ಯದ ಸ್ವಂತ ವೆಬ್‌ಸೈಟಿನಲ್ಲೇ ನೋಡಿ, ಬೇರೆಲ್ಲೂ ಬೇಡ.

ಕಾಮನ್‌ವೆಲ್ತ್, ಗ್ರೀನ್ ಕಾರ್ಡ್ ಯಾವುದನ್ನೂ ಕೇಳದೆ ಯಾವ ದೇಶದ ಗಂಡಸರನ್ನಾದರೂ ತೆಗೆದುಕೊಳ್ಳುವುದು ಫ್ರಾನ್ಸಿನ ಫಾರಿನ್ ಲೀಜನ್. 1831ರಲ್ಲಿ ಶುರುವಾದ ಈ ಪಡೆ ಫ್ರೆಂಚ್ ಸೈನ್ಯದ್ದೇ ಭಾಗ, ಬಾಡಿಗೆ ಬಂಟರ ಗುಂಪಲ್ಲ. ನಮ್ಮ ಹುಡುಗರು ಹೆಚ್ಚು ವಿಚಾರಿಸುವುದೂ ಇದರ ಬಗ್ಗೆಯೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಲೀಜನ್ ಹೇಗೆ ಸೇರಿಸಿಕೊಳ್ಳುತ್ತದೆ

ವಯಸ್ಸು ಹದಿನೇಳೂವರೆಯಿಂದ ಮೂವತ್ತೊಂಬತ್ತೂವರೆ. 18 ತುಂಬದವರಿಗೆ ತಂದೆ ತಾಯಿಯ ಒಪ್ಪಿಗೆ ಪತ್ರ ಬೇಕು. ಮೊದಲ ಕರಾರು 5 ವರ್ಷದ್ದು. ಅರ್ಜಿ ಹಾಕಲು ಆನ್‌ಲೈನ್ ಫಾರ್ಮ್ ಇಲ್ಲ, ಬೆಂಗಳೂರಿನ ಫ್ರೆಂಚ್ ಕಾನ್ಸುಲೇಟ್‌ನಲ್ಲಿ ನೇಮಕಾತಿ ನಡೆಯುವುದಿಲ್ಲ, ಭಾರತದಲ್ಲಿ ಲೀಜನ್ನಿಗೆ ಏಜೆಂಟರೂ ಇಲ್ಲ. ನೀವೇ ಫ್ರಾನ್ಸಿಗೆ ಹೋಗಿ, ಪ್ಯಾರಿಸ್ ಪಕ್ಕದ ಫೋರ್ ದ ನೋಜಾನ್ ಅಥವಾ ಮಾರ್ಸೇ ಹತ್ತಿರದ ಒಬಾನ್ ಕೇಂದ್ರದ ಬಾಗಿಲು ತಟ್ಟಬೇಕು. ಸೇರ್ಪಡೆಗೆ ಒಂದು ಪೈಸೆ ಶುಲ್ಕವಿಲ್ಲ.

ಭಾರತೀಯರಿಗೆ ತೊಡಕಾಗುವುದು ಇಲ್ಲೇ. ಫ್ರಾನ್ಸಿಗೆ ಹೋಗಲು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ, ಬೇಕು. ಲೀಜನ್ ವೀಸಾ ಕೊಡಿಸುವುದಿಲ್ಲ, ಆಹ್ವಾನ ಪತ್ರವನ್ನೂ ಕಳಿಸುವುದಿಲ್ಲ. ಆದ್ದರಿಂದ ಯಾರಾದರೂ ‘ಲೀಜನ್ ಆಹ್ವಾನ ಪತ್ರ’ ತೋರಿಸಿ ದುಡ್ಡು ಕೇಳಿದರೆ ಅದು ನಕಲಿ ಎಂದು ಕಣ್ಣುಮುಚ್ಚಿ ಹೇಳಬಹುದು. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ, ಅಥವಾ ಆಯ್ಕೆಯಾಗದೆ ವೀಸಾ ದಿನ ಮುಗಿದ ಮೇಲೂ ಅಲ್ಲೇ ಉಳಿದರೆ, ಮುಂದೆ ಷೆಂಗೆನ್ ಒಪ್ಪಂದದ 29 ದೇಶಗಳ ಬಾಗಿಲೂ ಮುಚ್ಚಬಹುದು. ಬಂದವರಲ್ಲಿ ಹೆಚ್ಚಿನವರು ಆಯ್ಕೆಯಾಗದೆ ವಾಪಸಾಗುತ್ತಾರೆ. ಹಾಗಾಗಿ ಹೋಗುವಾಗಲೇ ಬರುವ ಟಿಕೆಟ್ ಕೈಯಲ್ಲಿರಬೇಕು. ಜಮೀನು ಒತ್ತೆ ಇಟ್ಟು, ಮೀಟರ್ ಬಡ್ಡಿಗೆ ಸಾಲ ತೆಗೆದು ಹೊರಡುವ ಕೆಲಸವಂತೂ ಇದಲ್ಲ. ವಾಪಸ್ ಬಂದರೆ ಸಾಲ ಕೊಟ್ಟವನು ಮನೆ ಬಾಗಿಲಲ್ಲಿ ಇರುತ್ತಾನೆ ಎಂಬ ಭಯಕ್ಕೇ ಎಷ್ಟೋ ಹುಡುಗರು ಅಲ್ಲಿ ಕಾಗದವಿಲ್ಲದೆ ಉಳಿದುಬಿಡುತ್ತಾರೆ.

ಒಳಗೆ ಹೋದ ಮೇಲೆ ಫೋನ್, ಪಾಸ್‌ಪೋರ್ಟ್ ಎರಡನ್ನೂ ತೆಗೆದಿಡುತ್ತಾರೆ. ಕೆಲವು ದಿನ ಮನೆಗೆ ಸುದ್ದಿ ಇರುವುದಿಲ್ಲ. ಇದನ್ನು ಅಮ್ಮನಿಗೆ ಮೊದಲೇ ಹೇಳಿ ಹೋಗಿ. ಮೊದಲ ಹಂತದ ಪರಿಶೀಲನೆ ಮುಗಿದ ಮೇಲೆ ಒಬಾನ್‌ನಲ್ಲಿ ವೈದ್ಯಕೀಯ ತಪಾಸಣೆ, ತರ್ಕದ ಪರೀಕ್ಷೆ, ದೈಹಿಕ ಪರೀಕ್ಷೆ, ಕೊನೆಗೆ ನಿಮ್ಮ ಹಿಂದಿನ ಬದುಕನ್ನೆಲ್ಲ ಕೆದಕುವ ಸಂದರ್ಶನ. ಅಲ್ಲಿ ಸುಳ್ಳು ಹೇಳಬೇಡಿ. ಅದೇ ಪ್ರಶ್ನೆಯನ್ನು ಬೇರೆ ಬೇರೆ ದಿನ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಊರಲ್ಲಿ ಒಂದು ಸಣ್ಣ ಪೊಲೀಸ್ ಕೇಸ್ ಇದ್ದರೆ ಹೇಳಿಬಿಡುವುದು ಮೇಲು. ಗಂಭೀರ ಅಪರಾಧ ಮಾಡಿ ತಲೆತಪ್ಪಿಸಿಕೊಂಡವರಿಗೆ ಅಲ್ಲಿ ಜಾಗವಿದೆ ಎಂಬುದು ಹಳೆಯ ಕತೆ, ಈಗ ಇಂಟರ್‌ಪೋಲ್ ಪಟ್ಟಿ ನೋಡಿಯೇ ಒಳಗೆ ಬಿಡುತ್ತಾರೆ.

ದೈಹಿಕ ಪರೀಕ್ಷೆಯ ಮುಖ್ಯ ಭಾಗ ಬೀಪ್ ಓಟ. 20 ಮೀಟರ್ ದೂರದ ಎರಡು ಗೆರೆಗಳ ನಡುವೆ, ಬೀಪ್ ಸದ್ದಿಗೆ ಸರಿಯಾಗಿ ಹೋಗಿ ಬರುತ್ತಿರಬೇಕು, ನಿಮಿಷಕ್ಕೊಮ್ಮೆ ವೇಗ ಗಂಟೆಗೆ ಅರ್ಧ ಕಿಲೋಮೀಟರ್‌ನಷ್ಟು ಏರುತ್ತದೆ. ಕನಿಷ್ಠ 7ನೇ ಹಂತ ಮುಟ್ಟಬೇಕು, ಆ ಹೊತ್ತಿಗೆ ಒಂದೊಂದು 20 ಮೀಟರಿಗೆ ಸಿಗುವುದು ಆರರಿಂದ ಆರೂವರೆ ಸೆಕೆಂಡು. ಅಗ್ನಿವೀರ್ ರ್‍ಯಾಲಿಗೆಂದು 1600 ಮೀಟರ್ ಓಡಿ ಪಳಗಿದವರು ಇದನ್ನು ಹಗುರವಾಗಿ ತೆಗೆದುಕೊಂಡು ಇಲ್ಲೇ ಎಡವುತ್ತಾರೆ. ದಮ್ಮಿಗೇನೂ ಕಡಿಮೆ ಇರುವುದಿಲ್ಲ, ತಿರುಗುವುದು ಗೊತ್ತಿರುವುದಿಲ್ಲ. ನೆಟ್ಟಗೆ ಓಡಿ ಅಭ್ಯಾಸವಾದವರು ಗೆರೆ ದಾಟಿ ಎರಡು ಹೆಜ್ಜೆ ಮುಂದೆ ಹೋಗಿ, ಅರ್ಧಚಂದ್ರಾಕಾರವಾಗಿ ಸುತ್ತಿ ಬರುತ್ತಾರೆ, ಪ್ರತಿ ಸಲ ಅರ್ಧ ಸೆಕೆಂಡು ಹೋಗುತ್ತದೆ. ಶಾಲೆಯ ಮೈದಾನದಲ್ಲಿ ಟೇಪ್ ಹಿಡಿದು 20 ಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆಗೆ ಒಂದು ಪಾದ ಮುಟ್ಟಿಸಿ, ಮೊಣಕಾಲು ಬಗ್ಗಿಸಿ, ಅದೇ ಕಾಲಲ್ಲಿ ನೆಲ ಒದ್ದು ವಾಪಸ್ ತಿರುಗಿ. ಒಂದು ಸಲ ಬಲಗಾಲು, ಇನ್ನೊಂದು ಸಲ ಎಡಗಾಲು. ಒಂದೇ ಕಾಲಲ್ಲಿ ತಿರುಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಪುಲ್-ಅಪ್ ಕನಿಷ್ಠ 4 ಎನ್ನುತ್ತಾರೆ, 10 ತೆಗೆಯುವವರ ಜತೆ ಸ್ಪರ್ಧೆ ಇದೆ ಎಂಬುದು ನೆನಪಿರಲಿ.

ಎತ್ತರಕ್ಕೆ ಹೋಲಿಸಿದ ದೇಹ ತೂಕದ ಲೆಕ್ಕ, ಅಂದರೆ ಬಿಎಂಐ, 20ರಿಂದ 30ರೊಳಗೆ ಇರಬೇಕು. 170 ಸೆಂಟಿಮೀಟರ್ ಎತ್ತರದ ಹುಡುಗ 58 ಕಿಲೋಗಿಂತ ಕಡಿಮೆ ಇದ್ದರೆ ಅದೇ ಕಾರಣಕ್ಕೆ ವಾಪಸ್. ನಮ್ಮ ಕಡೆಯ ಸಪೂರ ಹುಡುಗರು ಇದನ್ನು ಮನೆಯಲ್ಲೇ ತೂಗಿ ನೋಡಿಕೊಳ್ಳಬೇಕು. ಹಲ್ಲು ಇನ್ನೊಂದು. ಹುಳುಕು, ಬಿದ್ದ ಹಲ್ಲು ಇದ್ದರೆ ಇಲ್ಲೇ ಸರಿಮಾಡಿಸಿಕೊಳ್ಳಿ.

ಆಯ್ಕೆಯಾದರೆ ಕಾಸ್ಟೆಲ್‌ನೋದಾರಿಯಲ್ಲಿ 4 ತಿಂಗಳ ತರಬೇತಿ. ಫ್ರೆಂಚ್ ಬರದಿದ್ದರೆ ಫ್ರೆಂಚ್ ಬಲ್ಲವನ ಜೋಡಿ ಮಾಡಿ ಕಲಿಸುತ್ತಾರೆ. ಅಂಕಿಗಳು, ದಿಕ್ಕುಗಳು, ಬಟ್ಟೆ ಆಯುಧಗಳ ಹೆಸರು ಇಷ್ಟನ್ನಾದರೂ ಮೊದಲೇ ಕಲಿತು ಹೋದರೆ ಪೆಟ್ಟು ಕಡಿಮೆ. ಸಂಬಳ ಆರಂಭದಲ್ಲಿ ಫ್ರಾನ್ಸಿನ ಕನಿಷ್ಠ ವೇತನದ ಆಸುಪಾಸು, ಊಟ ವಸತಿ ಉಚಿತ. ಮದುವೆಯಾದವರನ್ನೂ ಮೊದಲಿಗೆ ಒಂಟಿಯೆಂದೇ ಲೆಕ್ಕ ಹಿಡಿಯುತ್ತಾರೆ, ಹೆಂಡತಿಯನ್ನು ಕರೆಸಿಕೊಳ್ಳುವ ಮಾತು ಸದ್ಯಕ್ಕೆ ಇರುವುದಿಲ್ಲ. ಮಧ್ಯದಲ್ಲಿ ಓಡಿಹೋದರೆ ಅದು ಸೈನ್ಯದಿಂದ ಪರಾರಿ, ಶಿಕ್ಷೆಯಾಗುವ ಅಪರಾಧ.

ಊರಿಗೆ ಬರುವ ದಾರಿ

ಲೀಜನ್ನಿನಲ್ಲಿ 3 ವರ್ಷ ಸೇವೆ ಮಾಡಿದವರು ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅದು ತಾನಾಗಿ ಸಿಗುವುದಿಲ್ಲ, ನಡತೆ ನೋಡಿ ಕೊಡುತ್ತಾರೆ. ಹೆಚ್ಚಿನವರಿಗೆ ಇದೇ ದೊಡ್ಡ ಆಸೆ. ಇದರ ಇನ್ನೊಂದು ಮಗ್ಗುಲು ಯಾರ ಬಾಯಲ್ಲೂ ಬರುವುದಿಲ್ಲ.

ಭಾರತದಲ್ಲಿ ಇಬ್ಬಗೆಯ ಪೌರತ್ವ ಇಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿ ಬೇರೆ ದೇಶದ ಪೌರತ್ವ ಪಡೆದ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ‘ಒಸಿಐ ಕಾರ್ಡ್ ಮಾಡಿಸಿಕೊಂಡರೆ ಆಯ್ತಲ್ಲ’ ಎನ್ನುತ್ತಾರೆ, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು ವೀಸಾ ಇಲ್ಲದೆ ಬಂದುಹೋಗಲು ಕೊಡುವ ಕಾರ್ಡ್. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಅದು ಸರಿ. ವಿದೇಶಿ ಸೈನ್ಯದಲ್ಲಿ ಇರುವವರಿಗೂ, ಅಲ್ಲಿಂದ ನಿವೃತ್ತರಾದವರಿಗೂ ಒಸಿಐ ಸಿಗುವುದಿಲ್ಲ. ಅಂದರೆ ಅಪ್ಪನಿಗೆ ಹುಷಾರಿಲ್ಲ ಎಂದು ರಾತ್ರಿ ಫೋನ್ ಬಂದರೆ, ನೀವು ಹುಟ್ಟಿದ ಊರಿಗೆ ಬರಲು ವೀಸಾಕ್ಕೆ ಅರ್ಜಿ ಹಾಕಿ ಕಾಯಬೇಕು. ಬದುಕಿರುವಷ್ಟು ಕಾಲವೂ ಹೀಗೇ. ಪೌರತ್ವ ತೆಗೆದುಕೊಳ್ಳದೆ, ನಿವಾಸ ಪರವಾನಗಿಯ ಮೇಲೆ ಅಲ್ಲಿ ಉಳಿಯುವ ದಾರಿಯೂ ಇದೆ, ಅದನ್ನು ತಿಳಿದು ತೂಗಿ ನೋಡಿ. ಮನೆಯಲ್ಲಿ ಕೂತು ಮಾತಾಡಬೇಕಾದ ಮೊದಲ ವಿಷಯ ಇದು, ಸಂಬಳ ಆಮೇಲಿನದು.

ಭಾರತದ ಜತೆ ಶಾಂತಿಯಲ್ಲಿರುವ ದೇಶದ ಸರ್ಕಾರದ ವಿರುದ್ಧ ಯುದ್ಧ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 153ನೇ ಸೆಕ್ಷನ್‌ನಲ್ಲಿ ಅಪರಾಧ. ನೀವು ಸೇರುವ ಪಡೆ ಈಗ ಯಾರ ಜತೆ ಕಾದಾಡುತ್ತಿದೆ ಎಂದು ನೋಡಿ, ಒಬ್ಬ ವಕೀಲರನ್ನು ಕೇಳಿ. ಖಾಸಗಿ ಸೈನಿಕ ಕಂಪನಿಗಳಿಂದಂತೂ ದೂರ ಇರಿ.

ಏಜೆಂಟನ ಮಾತು, ಕರಾರಿನ ಮಾತು

ಮಾನ ಇರುವ ಯಾವ ಸೈನ್ಯವೂ ಸೇರಲು ದುಡ್ಡು ಕೇಳುವುದಿಲ್ಲ, ಯೂಟ್ಯೂಬ್ ವಿಡಿಯೊ ಮಾಡಿಸಿ ನಿಮ್ಮನ್ನು ಹುಡುಕಿಕೊಂಡೂ ಬರುವುದಿಲ್ಲ. ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಸಾಧಾರಣ ಕೆಲಸಕ್ಕೆ ಕಳಿಸುವವರು, ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ನಿಲ್ಲಿ. ‘ಹೆಲ್ಪರ್ ಕೆಲಸ’, ‘ಅಡುಗೆ ಕೆಲಸ’, ‘ಗಡಿಗೆ ಕಳಿಸಲ್ಲ’ ಎಂಬ ಬೆಣ್ಣೆಯಂಥ ಮಾತಿನ ಜತೆ ಟೂರಿಸ್ಟ್ ವೀಸಾ ಕೈಗಿಟ್ಟರೆ ಸಂಶಯವೇ ಬೇಡ. ಕೆಲಸಕ್ಕೆ ಹೋಗುವವನಿಗೆ ಕೆಲಸದ ವೀಸಾ ಇರಬೇಕು.

ಕರಾರನ್ನು ಅರ್ಥವಾಗುವ ಭಾಷೆಯಲ್ಲಿ ಓದದೆ ಸಹಿ ಹಾಕಬೇಡಿ. ಫೋನಿನ ಅನುವಾದ ಆ್ಯಪ್ ತೆರೆದು ಕ್ಯಾಮೆರಾವನ್ನು ಪುಟದ ಮೇಲೆ ಹಿಡಿಯಿರಿ, ಒಂದು ಪುಟವನ್ನೂ ಬಿಡಬೇಡಿ. ಓದಲು ಬಿಡದಿದ್ದರೆ ಅದೇ ನಿಮಗೆ ಉತ್ತರ. ರಷ್ಯನ್ ಕಾಗದವನ್ನು ಆ್ಯಪ್‌ನಿಂದ ಗಟ್ಟಿಯಾಗಿ ಓದಿಸಿದಾಗ ‘ವೊಯೆನ್ನಾಯ ಸ್ಲೂಜ್ಬ’ ಎಂದು ಕೇಳಿಸಿದರೆ ಅದು ಸೈನಿಕ ಸೇವೆ, ‘ಮಿನಿಸ್ತೇರ್ಸ್ತ್ವ ಅಬರೋನಿ’ ಎಂದರೆ ರಕ್ಷಣಾ ಸಚಿವಾಲಯ. ಕೆಲಸ ಏನೇ ಹೇಳಿರಲಿ, ಆ ಮಾತು ಇದ್ದರೆ ನೀವು ಸೈನಿಕರು.

ಆಮೇಲೆ ಅವಧಿ ನೋಡಿ. ರಷ್ಯಾದಲ್ಲಿ ‘ಒಂದು ವರ್ಷ’ ಎಂದು ಬರೆದಿದ್ದರೂ ಆ ವರ್ಷ ಮುಗಿಯುವುದಿಲ್ಲ. 2022ರ ಸೆಪ್ಟೆಂಬರ್ 21ರ ಅಧ್ಯಕ್ಷರ ಆದೇಶದ ಪ್ರಕಾರ, ಸೈನಿಕ ಜಮಾವಣೆಯ ಅವಧಿ ಮುಗಿಯುವವರೆಗೆ ಕರಾರುಗಳು ಮುಂದುವರಿಯುತ್ತವೆ. ವಯಸ್ಸು ಮೀರಿದರೆ, ಆರೋಗ್ಯ ಕೆಟ್ಟರೆ, ಜೈಲು ಶಿಕ್ಷೆಯಾದರೆ ಮಾತ್ರ ಬಿಡುಗಡೆ. ಈ ಸಾಲು ನಿಮ್ಮ ಕರಾರಿನಲ್ಲಿ ಕಾಣದಿರಬಹುದು, ಆದರೂ ಅನ್ವಯವಾಗುತ್ತದೆ. ಸಂಬಳ ಬೀಳುವ ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇದೆಯೇ, ಕಾರ್ಡೂ ಪಿನ್ನೂ ನಿಮ್ಮ ಬಳಿಯೇ ಇರುತ್ತದೆಯೇ, ಗಾಯವಾದರೆ ಚಿಕಿತ್ಸೆ ಯಾರದು, ಸತ್ತರೆ ಮನೆಗೆ ತಿಳಿಸುವವರು ಯಾರು, ದೇಹ ಕಳಿಸುವ ಖರ್ಚು ಯಾರದು, ಪರಿಹಾರ ಯಾರ ಹೆಸರಿಗೆ? ಕೇಳಲು ನಾಲಿಗೆ ಹೊರಳದ ಪ್ರಶ್ನೆಗಳು, ಆದರೂ ಒಂದೊಂದಕ್ಕೂ ಬರಹದಲ್ಲಿ ಉತ್ತರ ಇರಲೇಬೇಕು. ಹೋಲಿಸಿ ನೋಡಿ, ಲೀಜನ್ ಗಾಯಗೊಂಡ, ಯಾರೂ ಇಲ್ಲದ ತನ್ನ ಹಳೆಯ ಸೈನಿಕರಿಗೆ ಪ್ಯುಲುಬಿಯೆ ಎಂಬಲ್ಲಿ ಒಂದು ಆಶ್ರಯಧಾಮವನ್ನೇ ನಡೆಸುತ್ತದೆ.

ಹೊರಡುವ ಮುಂಚೆ, ಸಿಕ್ಕಿಕೊಂಡರೆ

ಪಾಸ್‌ಪೋರ್ಟಿನ ಎಲ್ಲ ಪುಟ, ವೀಸಾ, ಟಿಕೆಟ್, ಏಜೆಂಟನ ಫೋಟೊ ಮತ್ತು ನಂಬರ್, ದುಡ್ಡು ಕಳಿಸಿದ ರಸೀದಿ, ವಾಟ್ಸ್ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಇಷ್ಟನ್ನೂ ಮನೆಯಲ್ಲಿ ಓದುಬರಹ ಬಲ್ಲ ಒಬ್ಬರ ಫೋನಿನಲ್ಲಿ, ಜತೆಗೆ ಪ್ರಿಂಟ್ ತೆಗೆದು ಬೀರುವಿನಲ್ಲಿ ಇಡಿ. ‘ಇಷ್ಟು ದಿನ ಫೋನ್ ಬರದಿದ್ದರೆ ದೂರು ಕೊಡಿ’ ಎಂದು ದಿನಾಂಕ ಬರೆದಿಟ್ಟು ಹೋಗಿ. ಅಲ್ಲಿ ಕರಾರು ಕೈಗೆ ಬಂದರೆ ಸಹಿಗೆ ಮುಂಚೆಯೇ ಫೋಟೊ ತೆಗೆದು ಕಳಿಸಿ, ಫೋನ್ ಎಷ್ಟು ಹೊತ್ತು ನಿಮ್ಮ ಬಳಿ ಇರುತ್ತದೋ ಗೊತ್ತಿಲ್ಲ.

ಮೋಸ ಹೋಗಿದ್ದೀರಿ ಎಂದು ತಿಳಿದ ಕೂಡಲೇ ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಹೆಸರು, ಪಾಸ್‌ಪೋರ್ಟ್ ನಂಬರ್, ಇರುವ ಜಾಗ, ಪಡೆಯ ಹೆಸರು ತಿಳಿಸಿ. ಮನೆಯವರು ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, 1800 11 3090 ಸಹಾಯವಾಣಿಗೆ ಕರೆ ಮಾಡಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಕಚೇರಿಯಲ್ಲಿ ಏಜೆಂಟನ ಮೇಲೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮರ್ಯಾದೆಗೆ ಅಂಜಿ ತಿಂಗಳುಗಟ್ಟಲೆ ಸುಮ್ಮನಿರಬೇಡಿ. ತರಬೇತಿ ಶಿಬಿರದಲ್ಲಿರುವ ಹುಡುಗನನ್ನು ಬಿಡಿಸುವುದು ಕಷ್ಟ, ಗಡಿಗೆ ಹೋದವನನ್ನು ಬಿಡಿಸುವುದು ಅದಕ್ಕಿಂತ ಎಷ್ಟೋ ಪಟ್ಟು ಕಷ್ಟ, ನಡುವೆ ಸಿಗುವುದು ಕೆಲವೇ ದಿನ.