ಕೆಲಸದ ದಿನ ಕಡಿಮೆಯಾದರೆ ರಜೆ ಲೆಕ್ಕ ಹೇಗೆ?

ದಾವಣಗೆರೆಯ ಅಂಗಡಿಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಓದಿ. ನನ್ನ ತಂಗಿ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ಜೂನ್‌ವರೆಗೆ ವಾರಕ್ಕೆ ಆರು ದಿನ ಹೋಗುತ್ತಿದ್ದಳು, ಮಗು ಸ್ಕೂಲಿಗೆ ಸೇರಿದ ಮೇಲೆ ಮೂರೇ ದಿನ. ಮಾಲೀಕರು ಇಡೀ ವರ್ಷದ ರಜೆಯನ್ನೇ ಅರ್ಧ ಮಾಡಿಬಿಟ್ಟರು. ಅದು ತಪ್ಪು.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ದುಡಿದರೆ 1 ದಿನ ಸಂಬಳದ ರಜೆ. ಹಾಗಾಗಿ ಬದಲಾವಣೆಗೆ ಮುಂಚಿನದ್ದು ಬೇರೆ, ಆಮೇಲಿನದ್ದು ಬೇರೆ ಎಣಿಸಿ. ಅವಳದ್ದು ಮೊದಲು 140 ದಿನ, ಅಂದರೆ 7 ರಜೆ. ಆಮೇಲೆ 60 ದಿನ, 3 ರಜೆ. ಒಟ್ಟು 10. ದುಡಿದು ಗಳಿಸಿದ ಆ 7 ರಜೆ ಸುಮ್ನೆ ಕರಗಿ ಹೋಗುವುದಿಲ್ಲ, ಅಲ್ವಾ?

ಹಾಜರಿ ಪುಸ್ತಕದ ಫೋಟೋ ಪ್ರತಿ ತಿಂಗಳು ತೆಗೆದಿಟ್ಟುಕೊಳ್ಳಿ. ಮಾಲೀಕರ ಜೊತೆ ಕೂತು ಮಾತಾಡುವಾಗ ನಮಗೆ ಜಾಸ್ತಿ ನೆರವಾಗಿದ್ದು ಅದೇ.