ನೀಲಗಿರಿ ಮರದ ಮಾದರಿ ಸಂಗ್ರಹಿಸುವ ಬಗೆ

ಆಸ್ಟ್ರೇಲಿಯಾದಲ್ಲಿ ನೀಲಗಿರಿ ಜಾತಿಗಳು 700ಕ್ಕೂ ಜಾಸ್ತಿ. ಸುಮ್ನೆ ಎಲೆ ನೋಡಿ ಇಂಥದ್ದೇ ಅಂತ ಹೇಳಲಾಗದು. ಅದಕ್ಕೇ ಮಾದರಿ ತೆಗೆಯುವಾಗ ನಾನು ಆತುರಪಡುವುದಿಲ್ಲ.

ಪರವಾನಗಿ ಮೊದಲೇ ಪಡೆದಿರಿ. ಮರದಡಿಯ ನೆಲ ನೋಡಿ: ಒಣಗಿದ ಕಾಯಿ, ಹೂ ಅರಳುವಾಗ ಕಳಚಿದ ಮೊಗ್ಗಿನ ಟೋಪಿ ಸಿಗುತ್ತವೆ. ಪಕ್ಕದ ಮರದ್ದೂ ಇರಬಹುದು ಅಲ್ವಾ? ಕೊಂಬೆಯಲ್ಲಿರುವುದಕ್ಕೆ ಹೋಲಿಸಿ. ಮೊಗ್ಗು, ಕಾಯಿ ಎರಡೂ ಇರುವ ರೆಂಬೆಯನ್ನೇ ಕತ್ತರಿಸಿ. ಬುಡದ ಚಿಗುರಿನ ಎಲೆಯನ್ನೂ ತೆಗೆದುಕೊಳ್ಳಿ. ಎಳೆ ಎಲೆ ದುಂಡಗಿದ್ದು, ಬಲಿತದ್ದು ಕುಡುಗೋಲಿನಂತೆ ಬಾಗಿರುವ ಜಾತಿಗಳಿವೆ.

ಕಾಯಿಯ ಬಾಯನ್ನು ಭೂತಗನ್ನಡಿಯಲ್ಲಿ ನೋಡುವುದು ನನಗೆ ತುಂಬಾ ಇಷ್ಟ. ಕವಾಟಗಳು, ಅಂದರೆ ಬೀಜ ಹೊರಬೀಳಲು ಬಾಯಲ್ಲಿ ತೆರೆದುಕೊಳ್ಳುವ ಪುಟ್ಟ ಮುಚ್ಚಳಗಳು, ಎಷ್ಟು, ಅಂಚಿನಿಂದ ಹೊರಚಾಚಿವೆಯೋ ಒಳಗೆ ಹುದುಗಿವೆಯೋ ಬರೆದುಕೊಳ್ಳಿ. ಹೂಜಿಯಾಕಾರದ ಕಾಯಿ ಕಂಡರೆ ಅದು ನೀಲಗಿರಿಯ ಹತ್ತಿರದ ಕುಲವಾದ ಕೊರಿಂಬಿಯಾ ಇರಬಹುದು. 1995ರಲ್ಲಿ ಸಸ್ಯವಿಜ್ಞಾನಿಗಳಾದ ಹಿಲ್ ಮತ್ತು ಜಾನ್ಸನ್ ಅದನ್ನು ನೀಲಗಿರಿಯ ಕುಲವಾದ ಯೂಕಲಿಪ್ಟಸ್‌ನಿಂದ ಬೇರ್ಪಡಿಸಿದರು.

ತೊಗಟೆಯ ವಿವರ ಅಲ್ಲೇ ಬರೆಯಿರಿ. ನುಣುಪೇ, ನಾರುನಾರೇ, ಎಷ್ಟೆತ್ತರದವರೆಗೆ? ಒಣಗಿದ ರೆಂಬೆ ಇದನ್ನು ಹೇಳುವುದಿಲ್ಲ. ಜಾಗ, ದಿನಾಂಕ, ಮಣ್ಣು ಸೇರಿಸಿ.

ರೆಂಬೆಯನ್ನು ಪತ್ರಿಕೆ ಹಾಳೆಗಳ ನಡುವೆ ಒತ್ತಿ, ತೇವದ ಹಾಳೆ ಬದಲಿಸುತ್ತಿರಿ. ಡಿಎನ್‌ಎ ಪರೀಕ್ಷೆಗೆ ಒಂದೆರಡು ಎಲೆಯ ಚೂರನ್ನು ತೇವ ಹೀರುವ ಸಿಲಿಕಾ ಜೆಲ್‌ನಲ್ಲಿಡಿ.