ಮೈಯೆಲ್ಲಾ ನೋವು ಅಂದವರ ಮಾತು ಕೇಳಲು ಕಲಿತದ್ದು

ನಾನು ಫಿಸಿಯೋಥೆರಪಿಸ್ಟ್. ಮೊದಲ ನಾಲ್ಕು ವರ್ಷ ಕಾರವಾರದಲ್ಲಿ ಕೆಲಸ ಮಾಡಿದೆ. ಆಮೇಲೆ ಘಟ್ಟ ಹತ್ತಿ ಶಿರಸಿಗೆ ಬಂದೆ. ಕಾರವಾರದಲ್ಲಿ ಮೀನು ಮಾರುವ ಹೆಂಗಸರು ಬುಟ್ಟಿ ಹೊರಗಿಟ್ಟು ಒಳಗೆ ಬಂದು "ಸಗ್ಳೆ ಆಂಗ್ ದುಖ್ತಾ" ಅನ್ನುತ್ತಿದ್ದರು. ಶಿರಸಿಯಲ್ಲಿ ತೋಟದ ಮನೆಯವರು "ಮೈಯೆಲ್ಲಾ ನೋವು, ಎಂತ ಮಾಡಿದ್ರೂ ಹೋಗ್ತಿಲ್ಲೆ" ಅನ್ನುತ್ತಾರೆ. ಭಾಷೆ ಬೇರೆ, ಮಾತು ಒಂದೇ. ಆ ಮಾತಿಗೆ ನಾನು ತುಂಬಾ ದಿನ ಸರಿಯಾಗಿ ಕಿವಿ ಕೊಟ್ಟಿರಲಿಲ್ಲ. "ಎಲ್ಲಾ ಕಡೆ ಅಂದ್ರೆ ಹೇಗೆ? ಒಂದು ಜಾಗ ತೋರಿಸಿ" ಎಂದು ಕೇಳುತ್ತಿದ್ದೆ. ಅವರು ಕುತ್ತಿಗೆ ತೋರಿಸುತ್ತಿದ್ದರು. ಕುತ್ತಿಗೆಗೆ ಹತ್ತು ದಿನ ಕರೆಂಟು, ಶಾಖ. ಮುಂದಿನ ತಿಂಗಳು ಅವರೇ ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಮತ್ತೆ ಹತ್ತು ದಿನ.

ಒಬ್ಬರ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ನಲವತ್ತು ದಾಟಿದ ಹೆಂಗಸು. ಶಿರಸಿಯಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಊರು. ಕೈಯಲ್ಲಿ ಮೂರು ಬೆರಳು ದಪ್ಪದ ಫೈಲು. ಕುತ್ತಿಗೆಯ ಎಕ್ಸ್‌ರೇ, ಸೊಂಟದ ಎಂಆರ್‌ಐ, ರಕ್ತದ ರಿಪೋರ್ಟು ಎಲ್ಲಾ ಇತ್ತು. ಒಂದೋ ನಾರ್ಮಲ್, ಇಲ್ಲಾ ಅಂದರೆ "ಸ್ವಲ್ಪ ಸವೆತ". ಭುಜದ ಸ್ನಾಯು ಮುಟ್ಟಿದರೆ ಗಂಟು ಗಂಟಾಗಿ ಸಿಕ್ಕಿತು. ಗಂಟು ಬಿಡಿಸಿದರೆ ನೋವು ಹೋಗುತ್ತದೆ ಎಂದುಕೊಂಡು ಅರ್ಧ ಗಂಟೆ ಗಟ್ಟಿಯಾಗಿ ಒತ್ತಿದೆ. ಅವರು ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದರು. ಎರಡು ವಾರ ಬರಲಿಲ್ಲ. ಫೋನ್ ಮಾಡಿದಾಗ ಗಂಡ ಹೇಳಿದರು: "ನಿಮ್ಮಲ್ಲಿಂದ ಬಂದ ಮೇಲೆ ಮೂರು ದಿನ ಏಳಲಿಕ್ಕೇ ಆಗಲಿಲ್ಲ." ಒಂದು ಕಡೆಯ ಸ್ನಾಯು ಹಿಡಿದುಕೊಂಡವರಿಗೆ ಅದೇ ಒತ್ತಡದಿಂದ ಆರಾಮ ಆಗಿದ್ದನ್ನು ನಾನೇ ನೋಡಿದ್ದೆ. ಇವರಿಗೆ ಮಾತ್ರ ಹೀಗೇಕಾಯಿತು ಎಂದು ತಲೆ ಕೆಡಿಸಿಕೊಂಡೆ. ಅಂದಿನಿಂದ ಓದಲು ಕೂತೆ.

ತಿಂಗಳುಗಟ್ಟಲೆ ಮೈಯೆಲ್ಲಾ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯ ಹೆಸರು ಕಾಲೇಜಿನಲ್ಲಿ ಕೇಳಿದ್ದೆ. ಅರ್ಧ ಪುಟದ ಟಿಪ್ಪಣಿ, ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ, ಅಷ್ಟೇ. ಅದರಲ್ಲಿ ಇದ್ದದ್ದು ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಎಂಬ ಸಂಧಿವಾತ ತಜ್ಞರ ಸಂಘದ 1990ರ ನಿಯಮ. ಮೂರು ತಿಂಗಳಿಗಿಂತ ಜಾಸ್ತಿ ಮೈಯೆಲ್ಲಾ ನೋವು ಇರಬೇಕು. ಮೈಮೇಲೆ ಗೊತ್ತು ಮಾಡಿದ 18 ಜಾಗಗಳನ್ನು ಹೆಬ್ಬೆರಳಿನಿಂದ ಒತ್ತಬೇಕು. ಕನಿಷ್ಠ 11 ಕಡೆ ನೋಯಬೇಕು. ಒತ್ತುವ ಭಾರ ಸುಮಾರು 4 ಕಿಲೋ. ನಾನು ತೂಕದ ಯಂತ್ರದ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಆ 4 ಕಿಲೋ ಅಭ್ಯಾಸ ಮಾಡಿದೆ. ನಮ್ಮದೇ ಉಗುರು ಬೆಳ್ಳಗಾಗುವಷ್ಟು ಒತ್ತಡ ಅದು. ಆದರೂ ದಿನದಿಂದ ದಿನಕ್ಕೆ ಲೆಕ್ಕ ಬದಲಾಗುತ್ತಿತ್ತು. ಸೋಮವಾರ 13 ಕಡೆ ನೋವು ಅಂದವರು ಗುರುವಾರ 9 ಅಂದರು. ಹಾಗಾದರೆ ಗುರುವಾರ ಅವರಿಗೆ ರೋಗ ಇರಲಿಲ್ಲವಾ? ಗಂಡಸರಂತೂ ಈ ಲೆಕ್ಕಕ್ಕೆ ಸಿಗುವುದೇ ಕಮ್ಮಿ.

ಆಮೇಲೆ ಗೊತ್ತಾಯಿತು, 2010ರಲ್ಲಿ ಹೊಸ ನಿಯಮ ಬಂದಿತ್ತು, 2016ರಲ್ಲಿ ಅದನ್ನು ತಿದ್ದಿದ್ದರು. ಅದರಲ್ಲಿ ಒತ್ತುವುದೇ ಇಲ್ಲ. ಕೇಳುವುದು. ಮೈಯನ್ನು 19 ಭಾಗ ಮಾಡಿ, ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವು ಇತ್ತು ಎಂದು ಗುರುತು ಹಾಕಬೇಕು. ಜೊತೆಗೆ ಮೂರು ಪ್ರಶ್ನೆ: ದಣಿವು ಎಷ್ಟು? ನಿದ್ದೆ ಮಾಡಿ ಎದ್ದಾಗ ಹಗುರ ಅನಿಸುತ್ತದಾ? ನೆನಪು, ಗಮನ ಹೇಗಿದೆ? ಒಂದೊಂದಕ್ಕೂ ಸೊನ್ನೆಯಿಂದ 3. ಕಳೆದ ಆರು ತಿಂಗಳಲ್ಲಿ ತಲೆನೋವು, ಕೆಳಹೊಟ್ಟೆ ನೋವು, ಮನಸ್ಸಿಗೆ ಖಿನ್ನತೆ ಇತ್ತೇ ಎನ್ನುವುದಕ್ಕೆ ಒಂದೊಂದು ಅಂಕ. ಇವೆಲ್ಲಾ ಕೂಡಿಸಿದರೆ ಲಕ್ಷಣದ ಅಂಕ. ನೋವಿನ ಜಾಗ 7 ಅಥವಾ ಜಾಸ್ತಿ, ಲಕ್ಷಣದ ಅಂಕ 5 ಅಥವಾ ಜಾಸ್ತಿ ಇರಬೇಕು. ಇಲ್ಲವೇ ಜಾಗ 4ರಿಂದ 6 ಇದ್ದರೆ ಲಕ್ಷಣದ ಅಂಕ 9 ಆದರೂ ಆಗಬೇಕು. ಎಡಗೈ ಕಡೆ, ಬಲಗೈ ಕಡೆ, ಎರಡು ಕಾಲಿನ ಕಡೆ, ಬೆನ್ನು ಕುತ್ತಿಗೆ ಹೀಗೆ ಐದು ಪಾಲು ಮಾಡಿದರೆ ನಾಲ್ಕರಲ್ಲಾದರೂ ನೋವು ಹರಡಿರಬೇಕು. ಇದೆಲ್ಲಾ ಮೂರು ತಿಂಗಳಿನಿಂದ ಇರಬೇಕು.

ಇದನ್ನು ಕನ್ನಡಕ್ಕೆ ತರುವುದೇ ನನಗೆ ದೊಡ್ಡ ಕೆಲಸ ಆಯಿತು. ಒಂದು ಹಾಳೆಯ ಮೇಲೆ ಮನುಷ್ಯನ ಚಿತ್ರ ಬರೆದೆ, ಮುಂದೆ ಒಂದು, ಹಿಂದೆ ಒಂದು. ಅದು ಸುಲಭ. ಪ್ರಶ್ನೆ ಕಷ್ಟ. "ನಿದ್ದೆ ಬರುತ್ತದಾ?" ಎಂದರೆ ಎಲ್ಲರೂ "ಬತ್ತು" ಅನ್ನುತ್ತಾರೆ. ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು ಮಲಗಿದವರಿಗೆ ನಿದ್ದೆ ಬಾರದೇ ಇರುತ್ತದಾ? ಕೇಳಬೇಕಾದದ್ದು ಎದ್ದ ಮೇಲಿನ ಸುದ್ದಿ. "ಬೆಳಗ್ಗೆ ಎದ್ದಾಗ ಮಲಗಿದ್ದೇ ಸುಳ್ಳು ಅನಿಸುತ್ತದಾ?" ಎಂದು ಕೇಳಿ ನೋಡಿದೆ. ಎದುರಿಗಿದ್ದವರ ಮುಖವೇ ಬದಲಾಯಿತು. "ಹೌದು, ಹಂಗೇ ಆಗ್ತು" ಅಂದರು. ನೆನಪಿನ ಪ್ರಶ್ನೆಯೂ ಹಾಗೇ. "ಒಲೆ ಮೇಲೆ ಹಾಲಿಟ್ಟು ಮರೆಯುತ್ತೀರಾ? ಮಾತಾಡುವಾಗ ಗೊತ್ತಿರುವ ಶಬ್ದವೇ ಬಾಯಿಗೆ ಬರುವುದಿಲ್ಲವಾ?" ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಖಿನ್ನತೆ ಎಂಬ ಶಬ್ದವನ್ನು ನಾನು ಬಳಸುವುದೇ ಇಲ್ಲ. "ಯಾವುದೂ ಬೇಡ ಅನಿಸುತ್ತದಾ?" ಎನ್ನುತ್ತೇನೆ.

ಅಂಕ ಬಂತು ಅಂದ ಮಾತ್ರಕ್ಕೆ ಹೆಸರು ಹೇಳುವುದಿಲ್ಲ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೈಕೈ ನೋವಿನ ಹಿಂದೆ ಥೈರಾಯ್ಡ್ ಕೊರತೆ ಇರಬಹುದು. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗಿರಬಹುದು. ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ಸ್ನಾಯು ನೋಯುತ್ತಿರಬಹುದು. ಚಿಕೂನ್‌ಗುನ್ಯಾ ಬಂದು ಹೋದವರಿಗೆ ತಿಂಗಳುಗಟ್ಟಲೆ ಗಂಟು ನೋವು ಉಳಿಯಬಹುದು. ಬೆರಳಿನ ಗಂಟು ಊದಿಕೊಂಡು, ಬೆಳಗಿನ ಬಿಗಿತ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇದ್ದರೆ ಅದು ರುಮಟಾಯ್ಡ್ ಸಂಧಿವಾತ ಇರಬಹುದು. ಐವತ್ತು ದಾಟಿದವರಿಗೆ ಭುಜ, ತೊಡೆಸಂದು ಒಮ್ಮೆಲೇ ಹಿಡಿದುಕೊಂಡು ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಏರಿದ್ದರೆ ಅದು ಬೇರೆಯೇ ಕಾಯಿಲೆ, ಅದಕ್ಕೆ ಬೇಗ ಔಷಧಿ ಬೇಕು. ಜ್ವರ, ತೂಕ ಇಳಿಯುವುದು, ಕೈಕಾಲಿನ ಬಲ ಹೋಗುವುದು ಇವು ಕಂಡರೆ ನಾನು ಕೈ ಹಚ್ಚುವುದೇ ಇಲ್ಲ, ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ನಮ್ಮ ಜಿಲ್ಲೆಯವರು ರುಮಟಾಲಜಿಸ್ಟ್ ನೋಡಲು ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡಾಡುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗುವವರನ್ನು ಸುಮ್ನೆ ಕಳಿಸಬಾರದು. ಕಳಿಸಬೇಕಾದವರನ್ನು ತಡೆದು ಇಟ್ಟುಕೊಳ್ಳಲೂಬಾರದು. ಇನ್ನೊಂದು ಮಾತು: 2016ರ ನಿಯಮದ ಪ್ರಕಾರ ಬೇರೆ ಕಾಯಿಲೆ ಇದ್ದರೂ ಫೈಬ್ರೊಮಯಾಲ್ಜಿಯಾ ಜೊತೆಗೆ ಇರಬಹುದು. ಸಂಧಿವಾತ ಹತೋಟಿಗೆ ಬಂದರೂ ನೋವು ಬಿಡದವರಲ್ಲಿ ನಾನು ಇದನ್ನು ಹುಡುಕುತ್ತೇನೆ.

ರಿಪೋರ್ಟು ಎಲ್ಲಾ ಸರಿ ಇದ್ದರೆ ನೋವು ಎಲ್ಲಿಂದ ಬಂತು? ಇದನ್ನು ಹೇಳಲು ನನಗೆ ಸಹಾಯ ಮಾಡಿದ್ದು 2002ರ ಒಂದು ಸಂಶೋಧನೆ. ರಿಚರ್ಡ್ ಗ್ರೇಸ್ಲಿ ಮತ್ತು ಜೊತೆಯವರು ಜನರ ಹೆಬ್ಬೆರಳಿನ ಉಗುರಿನ ಮೇಲೆ ಒತ್ತಡ ಹಾಕಿ ಅದೇ ಹೊತ್ತಿಗೆ ಮೆದುಳಿನ ಸ್ಕ್ಯಾನ್ ಮಾಡಿದರು. ಆರೋಗ್ಯವಂತರಿಗೆ ಅಷ್ಟೇನೂ ನೋವು ಅನಿಸದ ಒತ್ತಡಕ್ಕೆ ಈ ರೋಗಿಗಳ ಮೆದುಳಿನ ನೋವಿನ ಜಾಗಗಳು ಎಚ್ಚೆತ್ತವು. ಅಂದರೆ ಅವರು ನೋವು ಅಂದಾಗ ನಿಜವಾಗಿ ನೋವೇ ಆಗುತ್ತಿತ್ತು. ನಾನು ರೋಗಿಯ ಉಗುರನ್ನು ಮೆಲ್ಲಗೆ ಹಿಡಿದು ಇದನ್ನು ಹೇಳುತ್ತೇನೆ. "ನಿಮ್ಮ ಸ್ನಾಯು ಕೆಟ್ಟಿಲ್ಲ. ಸುದ್ದಿ ಒಯ್ಯುವ ನರಗಳ ವಾಲ್ಯೂಮ್ ಜಾಸ್ತಿ ಆಗಿದೆ. ರೇಡಿಯೋ ಸರಿಯಾಗಿದೆ, ಸೌಂಡ್ ಮಾತ್ರ ತಿರುಗಿಸಿಟ್ಟ ಹಾಗೆ." ಇಷ್ಟು ಹೇಳಿದಾಗ ಅತ್ತವರಿದ್ದಾರೆ. ವರ್ಷಗಟ್ಟಲೆ ಮನೆಯಲ್ಲಿ "ಕೆಲಸ ತಪ್ಪಿಸಲಿಕ್ಕೆ ನೆಪ" ಎಂದು ಕೇಳಿಸಿಕೊಂಡವರು ಅವರು. ಹಾಗಾಗಿ ಗಂಡ ಅಥವಾ ಅತ್ತೆ ಜೊತೆಗೆ ಬಂದಿದ್ದರೆ ಅವರನ್ನೂ ಒಳಗೆ ಕೂರಿಸಿಕೊಂಡೇ ಹೇಳುತ್ತೇನೆ.

ನಿದ್ದೆಯ ಮಾತು ಹೇಳುವಾಗ ಹ್ಯಾರ್ವಿ ಮಾಲ್ಡೊಫ್ಸ್ಕಿ 1975ರಲ್ಲಿ ಪ್ರಕಟಿಸಿದ ಕೆಲಸ ನೆನಪಾಗುತ್ತದೆ. ಚೆನ್ನಾಗಿದ್ದ ಜನರನ್ನು ಗಾಢ ನಿದ್ದೆಗೆ ಇಳಿದಾಗಲೆಲ್ಲಾ ಶಬ್ದ ಮಾಡಿ ಕೆದಕಿದರು. ಪೂರ್ತಿ ಎಬ್ಬಿಸಲಿಲ್ಲ. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು ಶುರುವಾಯಿತು. ಇದನ್ನು ಓದಿದ ಮೇಲೆ ನಾನು ನಿದ್ದೆಯನ್ನು ನೋವಿನಷ್ಟೇ ಮುಖ್ಯವಾಗಿ ಕೇಳುತ್ತೇನೆ. ಸಂಜೆಯ ಮೇಲೆ ಚಹಾ ಬೇಡ ಅನ್ನುವುದು ನಮ್ಮ ಕಡೆ ಸುಲಭದ ಮಾತಲ್ಲ, ಆದರೂ ಅನ್ನುತ್ತೇನೆ.

ಇನ್ನು ಚಿಕಿತ್ಸೆ. 2017ರಲ್ಲಿ ಯುರೋಪಿನ ರುಮಟಾಲಜಿ ಒಕ್ಕೂಟ ಎಲ್ಲಾ ಸಂಶೋಧನೆ ನೋಡಿ ಸಲಹೆ ಕೊಟ್ಟಾಗ ಒಂದಕ್ಕೆ ಮಾತ್ರ ಗಟ್ಟಿ ಶಿಫಾರಸು ಮಾಡಿತು. ಅದು ವ್ಯಾಯಾಮ. ಆದರೆ ತೋಟ, ಕೊಟ್ಟಿಗೆ ಎಂದು ದಿನವಿಡೀ ದುಡಿಯುವವರಿಗೆ "ವ್ಯಾಯಾಮ ಮಾಡಿ" ಅಂದರೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಕೆಲಸ ಬೇರೆ, ವ್ಯಾಯಾಮ ಬೇರೆ ಎಂದು ನಾನು ಬಿಡಿಸಿ ಹೇಳುತ್ತೇನೆ. ಕೆಲಸ ನಮ್ಮ ಅಳತೆ ಕೇಳುವುದಿಲ್ಲ. ಮಳೆ ಬರುವ ಮೊದಲು ದರಕು (ಒಣ ಎಲೆ) ಹೊತ್ತು ತರಬೇಕು ಅಂದರೆ ತರಬೇಕು. ವ್ಯಾಯಾಮದ ಅಳತೆ ನಮ್ಮ ಕೈಯಲ್ಲಿದೆ.

ಮೊದಲು ಹೇಳಿದ ಆ ಹೆಂಗಸಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿ ಮತ್ತೆ ಕರೆಸಿದೆ. ಹಾಳೆ ತುಂಬಿಸಿದೆವು. ನೋವಿನ ಜಾಗ 14, ಲಕ್ಷಣದ ಅಂಕ 9. ರಕ್ತದ ಪರೀಕ್ಷೆಗಳನ್ನು ಡಾಕ್ಟರು ಇನ್ನೊಮ್ಮೆ ನೋಡಿ ಬೇರೇನೂ ಇಲ್ಲ ಅಂದರು. ಆಮೇಲೆ ನಡಿಗೆಯಿಂದ ಶುರು ಮಾಡಿದೆವು. ದಿನಕ್ಕೆ ಐದೇ ನಿಮಿಷ. "ಇಷ್ಟೇನಾ?" ಅಂದರು. ಇಷ್ಟೇ. ಎರಡು ವಾರ ಕಳೆದ ಮೇಲೆ ಏಳು ನಿಮಿಷ. ಆಗ ಆಷಾಢ, ಶಿರಸಿ ಮಳೆ ಗೊತ್ತಲ್ವಾ, ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಜಗಲಿಯಲ್ಲೇ ಓಡಾಡಿ ಎಂದೆ. ಸುತ್ತು ಎಣಿಸಲು ಅವರೇ ಒಂದು ದಾರಿ ಕಂಡುಕೊಂಡರು. ಒಂದು ಬಟ್ಟಲಲ್ಲಿ ಅಡಿಕೆ ಇಟ್ಟು ಒಂದು ಸುತ್ತಿಗೆ ಒಂದನ್ನು ಇನ್ನೊಂದು ಬಟ್ಟಲಿಗೆ ಹಾಕುವುದು. ನಾನು ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಎರಡು ತಿಂಗಳ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು ಕೈ ಎತ್ತುವುದು, ಕುರ್ಚಿಯಿಂದ ಎದ್ದು ಕೂರುವುದು ಸೇರಿಸಿದೆವು. ಬಲ ಬರಿಸುವ ವ್ಯಾಯಾಮವೂ ನಡಿಗೆಯಷ್ಟೇ ಬೇಕು.

ಕಷ್ಟದ್ದು ಒಳ್ಳೆಯ ದಿನಗಳು. ಒಂದು ದಿನ ನೋವು ಕಮ್ಮಿ ಅನಿಸಿದರೆ ಸಾಕು, ಬಾಕಿ ಉಳಿದ ಕೆಲಸ ಎಲ್ಲಾ ಅವತ್ತೇ ಮುಗಿಸುತ್ತಾರೆ. ಮಾರನೇ ದಿನದಿಂದ ನಾಲ್ಕು ದಿನ ಹಾಸಿಗೆ. ಹೀಗಾಗಿ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಒಂದೇ ಅಳತೆ ಎಂಬ ಕರಾರು ಮಾಡಿಕೊಂಡೆವು. ಅವರು ಅದನ್ನು ಮೂರು ಸಲ ಮುರಿದರು. ಮೂರು ಸಲವೂ ನಾವು ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಹತ್ತಿದೆವು.

ಮಾತ್ರೆ ನನ್ನ ಕೆಲಸವಲ್ಲ, ಆದರೆ ಮಾತ್ರೆ ಬಿಟ್ಟವರನ್ನು ಸಮಾಧಾನ ಮಾಡುವುದು ನನ್ನ ಪಾಲಿಗೆ ಬರುತ್ತದೆ. ಡಾಕ್ಟರು ಆ ಹೆಂಗಸಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟಿದ್ದರು. ಯಾರೋ "ಅದು ತಲೆ ಕೆಟ್ಟವರ ಮಾತ್ರೆ" ಅಂದರಂತೆ, ನಿಲ್ಲಿಸಿಬಿಟ್ಟರು. ನಾನು ಮತ್ತೆ ಆ ರೇಡಿಯೋ ಮಾತಿಗೇ ಬಂದೆ. ಮೆದುಳಿನಿಂದ ಕೆಳಗೆ ಬಂದು ನೋವಿನ ಸೌಂಡ್ ತಗ್ಗಿಸುವ ನರಗಳಿವೆ, ಅವು ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳಿಂದ ಕೆಲಸ ಮಾಡುತ್ತವೆ, ಈ ಮಾತ್ರೆ ಅದಕ್ಕೆ ಬಲ ಕೊಡುತ್ತದೆ ಎಂದು ಹೇಳಿದೆ. ಡುಲೊಕ್ಸೆಟಿನ್ ಕೂಡ ಅದೇ ದಾರಿಯದು. ಪ್ರೀಗ್ಯಾಬಲಿನ್ ದಾರಿ ಬೇರೆ. ಅಮೆರಿಕದಲ್ಲಿ ಈ ರೋಗಕ್ಕೆಂದೇ ಮೊದಲು ಒಪ್ಪಿಗೆ ಸಿಕ್ಕಿದ್ದು ಅದಕ್ಕೆ, 2007ರಲ್ಲಿ. ಯಾವ ಮಾತ್ರೆಯೂ ಎಲ್ಲರಿಗೂ ಹಿಡಿಸುವುದಿಲ್ಲ. ಆದರೆ ಸ್ಟಿರಾಯ್ಡ್ ಚುಚ್ಚುಮದ್ದು ಇದಕ್ಕೆ ಕೆಲಸ ಮಾಡುವುದಿಲ್ಲ. ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆ, ಕಿಡ್ನಿ ಹಾಳು ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಅಡಿಕೆ ಕೊನೆ ಕೊಯ್ಲಿನ ಕಾಲ ಬಂತು. ಸುಲಿಯುವುದನ್ನು ಬಿಡಿ ಅನ್ನಲು ನನಗೆ ಮನಸ್ಸಾಗಲಿಲ್ಲ. ಅದು ದುಡ್ಡಿನ ಪ್ರಶ್ನೆ ಮಾತ್ರ ಅಲ್ಲ. ನಾಲ್ಕು ಮನೆಯವರು ಸೇರಿ ಕೂತು, ಮಾತಾಡುತ್ತಾ ಸುಲಿಯುವ ರಾತ್ರಿಗಳು ಅವು. ಒಬ್ಬಳೇ ಒಳಗೆ ಮಲಗಿದರೆ ನೋವು ಇನ್ನೂ ಜಾಸ್ತಿ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಬಗ್ಗಿ ಕೂರುವುದನ್ನು ಅವರ ಮನೆಗೇ ಹೋಗಿ ನೋಡಿದೆ. ಕೂರುವ ಮಣೆ ಸ್ವಲ್ಪ ಎತ್ತರ ಮಾಡಿಸಿದೆವು. ಬೆನ್ನಿಗೆ ಗೋಡೆ ಸಿಗುವ ಜಾಗ ಕೊಡಿಸಿದೆವು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಜಗಲಿಯಲ್ಲಿ ಎರಡು ಸುತ್ತು. ಹತ್ತು ಗಂಟೆಗೆ ಮಲಗಲೇಬೇಕು. ಮೊಬೈಲಿನಲ್ಲಿ ಅಲಾರಾಂ ಇಟ್ಟದ್ದು ಅವರ ಮಗಳು.

ಆ ಸೀಸನ್ ಮುಗಿದ ಮೇಲೆ ಮತ್ತೆ ಅಳೆದೆ. ಇದಕ್ಕೆ 2009ರಲ್ಲಿ ಪರಿಷ್ಕರಿಸಿದ 21 ಪ್ರಶ್ನೆಗಳ ಪಟ್ಟಿ ಇದೆ, ಸೊನ್ನೆಯಿಂದ 100ರವರೆಗೆ ಅಂಕ, ಜಾಸ್ತಿ ಬಂದಷ್ಟೂ ತೊಂದರೆ ಜಾಸ್ತಿ. ಮೊದಲು 68 ಇದ್ದದ್ದು 47ಕ್ಕೆ ಬಂದಿತ್ತು. ಇದರ ಹಳೆಯ ಪಟ್ಟಿಯಲ್ಲಿ ನೂರಕ್ಕೆ 14ರಷ್ಟು ಇಳಿದರೂ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ನೋವು ಹೋಗಲಿಲ್ಲ. ಮಳೆ ಹಿಡಿದರೆ ಈಗಲೂ ಭುಜ ಬಿಗಿಯುತ್ತದೆ. ಆದರೆ ಮಾರಿಜಾತ್ರೆಗೆ ಅವರು ಪೇಟೆಯೆಲ್ಲಾ ನಡೆದು ಸುತ್ತಿ, ಹೋಗುವಾಗ ನಮ್ಮಲ್ಲಿಗೆ ಬಂದರು. ಬಳೆ ತೋರಿಸಿದರು. ಕೂತು ನೀರು ಕುಡಿದರು. ಏಳುವಾಗ ನಿಧಾನಕ್ಕೆ ಕೇಳಿದರು: "ಆ ಚಿತ್ರದ ಹಾಳೆ ಇನ್ನೊಂದು ಇದ್ದಾ? ನಮ್ಮ ಅತ್ತಿಗೆಗೆ ಬೇಕಿತ್ತು."

ಎರಡು ಹಾಳೆ ಕೊಟ್ಟೆ.